ಕಿರಕೋಳ

ಇಂಗ್ಲಿಷಿನವರಿಗೆ ಅಲ್ಪದ್ದನ್ನು ಹೇಳೋಕೂ ಅಡುಗೆಮನೆಯೇ ಬೇಕು. ಜುಜುಬಿ ಸಂಬಳ ಅಂದರೆ 'ಪೀನಟ್ಸ್', ಲೆಕ್ಕಕ್ಕಿಲ್ಲದ ವ್ಯವಹಾರ 'ಸ್ಮಾಲ್ ಪೊಟ್ಯಾಟೋಸ್', ಪುಡಿ ಆಸಾಮಿ 'ಸ್ಮಾಲ್ ಫ್ರೈ'. (ಈ ಫ್ರೈ ಕರಿದದ್ದಲ್ಲ ಮತ್ತ, ಮೀನಿನ ಮರಿ.)

ನಮ್ಮ ಚಿಕ್ಕೋಡಿ ಕಡೆಯ ಏಕಸಂಬಿಯೊಳಗ ಶೇಂಗಾಕ್ಕ ಹಂಗಂದು ನೋಡ್ರಿ! ದಿನಾ ರೊಟ್ಟಿ ಜೋಡಿ ಶೇಂಗಾ ಹಿಂಡಿ, ಹಬ್ಬಕ್ಕ ಶೇಂಗಾ ಹೋಳಿಗೆ. ಅದನ್ನು ಕ್ಷುಲ್ಲಕ ಅಂದವನಿಗೆ ಅಲ್ಲಿ ಯಾರ ಮನೆಯಲ್ಲೂ ಮತ್ತೊಮ್ಮೆ ಎಲೆ ಹಾಕಲಿಕ್ಕಿಲ್ಲ.

ಅಲ್ಪದ್ದಕ್ಕೆ ನಮ್ಮ ಗಡಿಭಾಗದ ಮಾತು ಹುಟ್ಟಿದ್ದು ಅಂಗಡಿಯಲ್ಲಿ. ಮರಾಠಿಯಿಂದ ಬಂದ 'ಕಿರಕೋಳ' ಚಿಕ್ಕೋಡಿ, ನಿಪ್ಪಾಣಿ ಪೇಟೆಯಲ್ಲಿ ಠೋಕ ಅಲ್ಲದ ಬಿಡಿ ವ್ಯಾಪಾರ. ಅಲ್ಲಿಂದ ಕಿರಕೋಳ ಗಾಯ, ಕಿರಕೋಳ ಜಗಳ, ಕಿರಕೋಳ ಮಂದಿ. ಬೆಂಗಳೂರಿನ 'ಚಿಲ್ಲರೆ ಬುದ್ಧಿ'ಯೂ ಇದೇ ಗಲ್ಲಾಪೆಟ್ಟಿಗೆಯಿಂದ ಎದ್ದು ಬಂದದ್ದು. 'ಪುಟಗೋಸಿ' ಮಾತ್ರ ಬಟ್ಟೆಯ ಕಡೆಯದು, ಅದನ್ನು ಹಿರಿಯರ ಮುಂದ ಆಡಬಾರದು.

ಆದರೆ ಕಿರಕೋಳದ ಖರೇ ತಾಕತ್ತು ಗೊತ್ತಾಗೋದು ಮದುವೆಯ ಲೆಕ್ಕದಾಗ. ಬಂಗಾರ, ಜವಳಿ, ಪೆಂಡಾಲ, ವಾಲಗ ಎಲ್ಲಾ ಬರೆದು, ಕಡೀಕ ಒಂದು ಸಾಲು: ಕಿರಕೋಳ. ಅದರ ಮುಂದಿನ ಅಂಕಿ ನೋಡಿ ಮಾವ ಕನ್ನಡಕ ಒರೆಸಿಕೊಳ್ಳುತ್ತಾನೆ.

"ಏನಪಾ ತಮ್ಮಾ, ಪೆಂಡಾಲಕ್ಕಿಂತ ಕಿರಕೋಳನ ಜಾಸ್ತಿ ಆಗೇತಲ್ಲೋ?"

"ಬಿಡಸಿ ಬರದ್ರ ಇನ್ನೂ ಜಾಸ್ತಿ ಆಗತೈತಿ, ಮಾಮಾ."