ಅನುಭವದ ಕಾಲಂ ಖಾಲಿ ಬಿಡಬೇಡಿ

ಕೋಳಿಕ್ಕೋಡಿನಲ್ಲಿ ಶುರುವಾಗುವ 766ನೇ ರಾಷ್ಟ್ರೀಯ ಹೆದ್ದಾರಿ ವಯನಾಡು ಹತ್ತಿ ಇಳಿದು, ಗುಂಡ್ಲುಪೇಟೆ ದಾಟಿ ನಮ್ಮ ನಂಜನಗೂಡಿಗೆ ಬರುತ್ತದೆ. ಮೈಸೂರು ಮುಟ್ಟಿ, ಅಲ್ಲಿಂದ ತಿ. ನರಸೀಪುರದ ಮೇಲೆ ಹಾದು ಕೊಳ್ಳೇಗಾಲದಲ್ಲಿ ಮುಗಿಯುತ್ತದೆ. ಬಂಡೀಪುರದಲ್ಲಿ ರಾತ್ರಿ ಒಂಬತ್ತಕ್ಕೆ ಗೇಟು ಬಿದ್ದರೆ ಬೆಳಿಗ್ಗೆ ಆರರವರೆಗೆ ಗಾಡಿಗಳು ನಿಂತಲ್ಲೇ ನಿಲ್ಲಬೇಕು. ಉಳಿದ ಹೊತ್ತಿನಲ್ಲಿ ಈ ರಸ್ತೆಯ ಅಂಗಡಿಗಳಲ್ಲಿ ಕನ್ನಡದ ಜೊತೆ ಮಲಯಾಳ, ತಮಿಳು, ಉರ್ದು ಎಲ್ಲವೂ ವ್ಯಾಪಾರ ಮಾಡುತ್ತವೆ. ಕೇರಳದಿಂದ ಬಂದು ಇಲ್ಲಿ ಹೊಲ ಗುತ್ತಿಗೆ ಹಿಡಿದು ಶುಂಠಿ ಬೆಳೆಯುವವರು ಗೊಬ್ಬರದ ಅಂಗಡಿಯ ಕಾಯಂ ಗಿರಾಕಿಗಳು. ನಂಜುಂಡೇಶ್ವರನ ದರ್ಶನ ಮುಗಿಸಿದ ತಮಿಳು ಸಂಸಾರ ಹಲ್ಲುಪುಡಿ, ಬಾಳೆಹಣ್ಣು ಕೇಳುತ್ತದೆ. ಕೌಂಟರಿನ ಹಿಂದಿನ ಹುಡುಗ ಒಬ್ಬರಿಗೆ 'ಎಂದಾ ವೇಂಡದ್' ಎಂದು ಕೇಳಿ, ಒಳಗಿದ್ದ ಮಾಲೀಕನಿಗೆ ಕನ್ನಡದಲ್ಲಿ ಬೆಲೆ ಕೂಗಿ, ಪಕ್ಕದಲ್ಲಿ ನಿಂತ ಆಪಾನ ಕಡೆ ತಿರುಗಿ 'ಕ್ಯಾ ಹೋನಾ' ಎನ್ನುತ್ತಾನೆ. ಇದನ್ನು ಅವನಿಗೆ ಯಾವ ಮೇಷ್ಟರೂ ಕಲಿಸಿದ್ದಲ್ಲ.

ಅದೇ ಹುಡುಗ ಮೈಸೂರಿನ ದೊಡ್ಡ ಮಳಿಗೆಯೊಂದಕ್ಕೆ ಕೆಲಸ ಕೇಳಿಕೊಂಡು ಹೋದಾಗ ಅರ್ಜಿಯಲ್ಲಿ 'ಅನುಭವ' ಎಂದಿರುವ ಕಡೆ 'ಇಲ್ಲ' ಎಂದು ಬರೆದು ಬರುತ್ತಾನೆ.

ನಾನು ಹುಟ್ಟಿದ್ದು ತಾಳವಾಡಿ ಸೀಮೆಯಲ್ಲಿ. ಸರ್ಕಾರದ ಲೆಕ್ಕದಲ್ಲಿ ಅದು ತಮಿಳುನಾಡಿನ ಈರೋಡು ಜಿಲ್ಲೆ, ಮನೆಯೊಳಗೆ ಕನ್ನಡ. ರಾಜ್‌ಕುಮಾರ್ ಅವರ ಗಾಜನೂರು ಇರುವುದೂ ಅಲ್ಲೇ. ರೇಷನ್ ಕಾರ್ಡು ತಮಿಳು, ಬೈಗುಳ ಕನ್ನಡ, ಸಂತೆ ಎರಡರಲ್ಲೂ. ಹೊಟ್ಟೆಪಾಡಿಗೆಂದು ನಂಜನಗೂಡಿಗೆ ಬಂದು ಜವಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತ ತಲೆ ಬೆಳ್ಳಗೆ ಮಾಡಿಕೊಂಡವನು. ಹಾಗಾಗಿ ನಮ್ಮ ಬೀದಿಯ ಮಕ್ಕಳು ಮೊದಲ ಇಂಟರ್‌ವ್ಯೂಗೆ ಹೊರಟರೆ 'ಮಾವ, ಒಂದ್ಸಲ ಕೇಳ್ಸ್ಕಳಿ' ಎಂದು ನಮ್ಮ ಜಗುಲಿಗೆ ಬರುತ್ತಾರೆ.

ಮೊನ್ನೆ ಬಂದವಳು ಬಿ.ಕಾಂ. ಮುಗಿಸಿದ ಹುಡುಗಿ. ಸೀರೆ ಮಳಿಗೆಯ ಕೆಲಸ. ಮೊಬೈಲಿನಲ್ಲಿ ನೋಡಿ ಕಲಿತ ಸ್ವಪರಿಚಯವನ್ನು ಇಂಗ್ಲಿಷಿನಲ್ಲಿ ಉಸಿರು ಬಿಡದೆ ಒಪ್ಪಿಸಿದಳು. 'ಮೈಸೆಲ್ಫ್' ಎಂದು ಶುರುವಾಗಿ ಹಾಬಿ, ಸ್ಟ್ರೆಂತು, ವೀಕ್‌ನೆಸ್ಸು ಎಲ್ಲ ಮುಗಿದು 'ಥ್ಯಾಂಕ್ಯೂ ಸರ್'ಗೆ ಬಂದು ನಿಂತಿತು. 'ಸರಿ ಕಣವ್ವ, ವೀಕ್‌ನೆಸ್ ಅಂದ್ಯಲ್ಲ, ಅದೇನು ಬುಡುಸಿ ಹೇಳು' ಎಂದೆ. ಹುಡುಗಿ ಮತ್ತೆ 'ಮೈಸೆಲ್ಫ್'ನಿಂದ ಹೊರಟಳು.

ಇದು ಆಗುವುದಲ್ಲ ಎಂದು ಮಂಚದ ಮೇಲೆ ಮನೆಯವಳ ಸೀರೆಯೊಂದನ್ನು ಹರವಿ, ಅವಳನ್ನೇ ಗಿರಾಕಿ ಮಾಡಿ ಕೂರಿಸಿದೆ.

'ಇದು ಬಣ್ಣ ಬುಡ್ತದಾ?'

'ಮೊದಲ್ನೇ ಸಲ ಬೇರೆ ಬಟ್ಟೆ ಜೊತೆ ಹಾಕ್ಬೇಡಿ ಅತ್ತೆ. ಒಂದು ಹಿಡಿ ಉಪ್ಪಾಕಿ ಬೇರೆ ಬಕೆಟ್ಟಲ್ಲಿ ನೆನ್ಸಿ. ಸೆರಗು ಬೇರೆ ಬಣ್ಣ ಅದಲ್ಲ, ಅದ್ನ ಮೇಲಕ್ಕೆ ಹಿಡ್ಕಂಡು ಒಗೀರಿ.'

'ರೇಟು ಜಾಸ್ತಿ ಆಯ್ತಲ್ಲವ್ವ.'

'ಕಮ್ಮೀದೂ ಅದೆ, ತೋರುಸ್ತೀನಿ ಕೂತ್ಕಳಿ. ಯಾರ್ಗೆ ಅಂತ ಹೇಳಿ ಅತ್ತೆ. ಮದ್ವೆ ಮನೆಗೆ ಕೊಡೋದಾ, ನೀವೇ ಉಡೋದಾ?'

ಯಾರಿಗೆ ಎಂಬ ಆ ಪ್ರಶ್ನೆಯನ್ನು ಕೇಳುವುದಕ್ಕೆ ನಮ್ಮ ಅಂಗಡಿಯಲ್ಲಿ ಕೆಲವರಿಗೆ ವರ್ಷಗಳೇ ಹಿಡಿದವು. ಮದುವೆಯಲ್ಲಿ ಮುಯ್ಯಿ ಕೊಡುವ ಸೀರೆಗೂ ಮಗಳಿಗೆ ತರುವ ಸೀರೆಗೂ ಕೈ ಹೋಗುವ ಬೀರುವೇ ಬೇರೆ. ಅದು ಗೊತ್ತಿಲ್ಲದವನು ಇಪ್ಪತ್ತು ಸೀರೆ ಬಿಚ್ಚಿ ಹಾಕಿ ಒಂದನ್ನೂ ಮಾರದೆ ಮಡಿಸುತ್ತ ಕೂರುತ್ತಾನೆ. ಈ ಹುಡುಗಿ ತನ್ನ ಅವ್ವನ ಜೊತೆ ಅಂಗಡಿ ಸುತ್ತಿ ಸುತ್ತಿ ಕಲಿತಿದ್ದಾಳೆ. ಕಲಿತಿದ್ದೇನೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ, ಅಷ್ಟೇ.

ಇಂಟರ್‌ವ್ಯೂನಲ್ಲಿ 'ನಿಮ್ಮ ಊರಿನ ಬಗ್ಗೆ ಹೇಳಿ' ಎಂಬುದು ಬಂದೇ ಬರುತ್ತದೆ. ನಮ್ಮವರು ಗೋಪುರದ ಎತ್ತರಕ್ಕೆ ಕೈ ಹಾಕುತ್ತಾರೆ. ಕೇಳುತ್ತಿರುವವನು ವ್ಯಾಪಾರಿ, ಅವನ ಕಿವಿ ಇರುವುದು ಸರಕಿನ ಮೇಲೆ. ದೇವರಸನಹಳ್ಳಿ ಸುತ್ತಿನ ಮಣ್ಣಿನಲ್ಲಿ ಬೆಳೆದ ರಸಬಾಳೆಗೆ ಏಕೆ ಆ ಹೆಸರು ಬಂತು, ಸೊರಗು ರೋಗ ಬಿದ್ದ ಮೇಲೆ ಅದು ಏಕೆ ಅಪರೂಪವಾಯಿತು, ಬೇರೆ ಹಣ್ಣನ್ನೇ ರಸಬಾಳೆ ಎಂದು ಕೊಡುವವರನ್ನು ಹೇಗೆ ಹಿಡಿಯುವುದು, ಇವನ್ನು ಹೇಳಿದರೆ ಸಾಕು. ಆಯುರ್ವೇದ ಔಷಧ ಮಾಡುವ ಸದ್ವೈದ್ಯಶಾಲೆಯೂ 1913ರಿಂದ ಇಲ್ಲಿದೆ. ಅದರ ಹಲ್ಲುಪುಡಿ ಊರಿನ ಹೆಸರಿನಲ್ಲೇ ಮಾರಾಟವಾಯಿತು. ತಿ. ನರಸೀಪುರದ ಮಕ್ಕಳ ಕೈಯಲ್ಲಂತೂ ಇನ್ನೂ ದೊಡ್ಡ ಸರಕಿದೆ. ಮೈಸೂರು ಸಿಲ್ಕ್ ಎಂದರೆ ಎಲ್ಲರೂ 1912ರಲ್ಲಿ ಶುರುವಾದ ಮೈಸೂರಿನ ನೇಯ್ಗೆ ಕಾರ್ಖಾನೆಯನ್ನು ನೆನೆಯುತ್ತಾರೆ. ಆ ಸೀರೆಯ ನೂಲು ಬಿಚ್ಚುವುದು ಸರ್ಕಾರಿ ರೇಷ್ಮೆ ನಿಗಮವಾದ ಕೆಎಸ್‌ಐಸಿಯ ತಿ. ನರಸೀಪುರದ ಘಟಕದಲ್ಲಿ. ಗೂಡು ಬೇಯಿಸುವ ವಾಸನೆ ಮೂಗಿಗೆ ಬಡಿಸಿಕೊಂಡು ಕಾಲೇಜಿಗೆ ಹೋದ ಹುಡುಗಿ ರೇಷ್ಮೆ ಮಳಿಗೆಯ ಮೇಜಿನ ಮುಂದೆ ಕೂತು 'ನಮ್ಮೂರಲ್ಲಿ ವಿಶೇಷ ಏನಿಲ್ಲ ಸರ್' ಎಂದರೆ ನನಗೆ ಸಿಟ್ಟು ಬರುತ್ತದೆ.

ಆ ಊರಿನಿಂದಲೇ ಒಬ್ಬ ಬಂದಿದ್ದ, ಪಿಯುಸಿ ಮಾಡಿದವನು. ಅವನದೂ ಅನುಭವದ ಕಾಲಂ ಖಾಲಿ. 'ಕುಂಭಮೇಳದಲ್ಲಿ ಏನ್ಮಾಡ್ತಿದ್ದೆ?' ಎಂದೆ. ಅಲ್ಲಿನ ತ್ರಿವೇಣಿ ಸಂಗಮದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಮೇಳ ನಡೆಯುತ್ತದೆ. 2025ರ ಫೆಬ್ರವರಿಯಲ್ಲಿ ಮೂರು ದಿನ ಕಾಲಿಡಲು ಜಾಗವಿರಲಿಲ್ಲ. ಅಪ್ಪನ ಜೊತೆ ತೆಂಗಿನಕಾಯಿ, ಹೂವು, ಅರಿಸಿನ ಕುಂಕುಮದ ಅಂಗಡಿ ಹಾಕಿದ್ದೆವು ಎಂದ. ಎಷ್ಟು ಕಾಯಿ ತರಿಸಬೇಕೆಂದು ಅಂದಾಜು ಹಾಕಿದವನು ಇವನು. ಫೋನಿಗೆ ಬಂದ ದುಡ್ಡನ್ನೂ ಗಲ್ಲಾದಲ್ಲಿದ್ದ ನೋಟನ್ನೂ ರಾತ್ರಿ ಕೂಡಿಸಿ ತಾಳೆ ನೋಡಿದವನೂ ಇವನೇ. ತಮಿಳಿನವರಿಗೆ ತಮಿಳಿನಲ್ಲೇ ನದಿಗಿಳಿಯುವ ಮೆಟ್ಟಿಲು ತೋರಿಸಿದ್ದಾನೆ, ಕೆಟ್ಟ ಕಾಯಿ ವಾಪಸು ತಂದವರ ಬೈಗುಳ ನುಂಗಿ ಬೇರೆ ಕಾಯಿ ಕೊಟ್ಟಿದ್ದಾನೆ. ಸ್ಟಾಕು, ಬಿಲ್ಲಿಂಗು, ರಿಟರ್ನು, ಕಸ್ಟಮರ್ ಸರ್ವಿಸು ಎಂದು ಮಳಿಗೆಯವರು ಬೇರೆ ಬೇರೆ ಹೆಸರಿಟ್ಟು ತರಬೇತಿ ಕೊಡುವುದೆಲ್ಲ ಇದೇ ತಾನೆ? 'ಅದು ನಮ್ದೇ ಅಂಗ್ಡಿ, ಕೆಲ್ಸ ಅಲ್ವಲ್ಲ ಮಾವ' ಎಂದು ಅವನ ವಾದ. ಸಂಬಳ ಬರದ ದುಡಿಮೆ ದುಡಿಮೆಯೇ ಅಲ್ಲ ಎಂದು ಮನೆಯವರೇ ಇವರ ತಲೆಯಲ್ಲಿ ತುಂಬಿರುತ್ತಾರೆ. ಅವನ ಕೈಯಲ್ಲೇ ಬರೆಸಿದೆ: ಸ್ವಂತ ಅಂಗಡಿಯಲ್ಲಿ ಮಾರಾಟ ಮತ್ತು ನಗದು ಲೆಕ್ಕ, ಭಾಷೆ ಕನ್ನಡ, ತಮಿಳು ಮಾತು, ಸ್ವಲ್ಪ ಹಿಂದಿ.

ಇಂಗ್ಲಿಷ್ ಬೇಡವೇ ಬೇಡ ಎನ್ನುತ್ತಿಲ್ಲ. ಸ್ಟಿಕ್ಕರ್ ಓದಲು, ಬಿಲ್ಲಿನ ಪರದೆ ನೋಡಲು, ಮೇಲಿನ ಕಚೇರಿಗೆ ಎರಡು ಸಾಲು ಮೆಸೇಜು ಹಾಕಲು ಬೇಕು. ಆದರೆ ಕೇರಳದಿಂದಲೋ ತಮಿಳುನಾಡಿನಿಂದಲೋ ಬಂದು ಮೈಸೂರಿನಲ್ಲಿ ಮಳಿಗೆ ತೆರೆದವರು ಇಲ್ಲಿನ ಹುಡುಗರನ್ನು ಇಂಗ್ಲಿಷಿಗಾಗಿ ತೆಗೆದುಕೊಳ್ಳುವುದಿಲ್ಲ. ಹುಲ್ಲಹಳ್ಳಿಯಿಂದಲೋ ಮೂಗೂರಿನಿಂದಲೋ ಚಿನ್ನಕ್ಕೆಂದು ಬಂದ ಅಜ್ಜಿಯ ಹತ್ತಿರ ಕೂತು, 'ವೇಸ್ಟೇಜು ಯಾಕೆ ಕಟ್ ಮಾಡ್ತೀರಿ' ಎಂಬ ಅವಳ ಅನುಮಾನವನ್ನು ಅವಳ ಮಾತಿನಲ್ಲೇ ಬಿಡಿಸುವವರು ಅವರಿಗೆ ಬೇಕು. ಮ್ಯಾನೇಜರಿಗೆ ಕನ್ನಡ ಅಷ್ಟಕ್ಕಷ್ಟೇ ಇದ್ದರೆ ನಿಮ್ಮ ಬೆಲೆ ಇನ್ನೂ ಹೆಚ್ಚು. ಕನ್ನಡದಲ್ಲಿ ಒಂದು ಪ್ರಶ್ನೆಯನ್ನೂ ಕೇಳದೆ ಮಾರಾಟಕ್ಕೆ ಹುಡುಗರನ್ನು ಆರಿಸುವ ಮಳಿಗೆ ತನ್ನ ವ್ಯಾಪಾರಕ್ಕೆ ತಾನೇ ಕಲ್ಲು ಹಾಕಿಕೊಳ್ಳುತ್ತಿದೆ. ಇಂಗ್ಲಿಷಿನಲ್ಲಿ ಕೇಳಿದರೆ ಗೊತ್ತಿದ್ದಷ್ಟು ಹೇಳಿ, 'ಕನ್ನಡದಲ್ಲಿ ಹೇಳಲಾ ಸರ್' ಎಂದು ಕೇಳಿ ಮುಂದುವರಿಸಿ. ಅಂಜಿಕೆ ಬೇಡ.

ಲೆಕ್ಕ ಮಾತ್ರ ಬಾಯಲ್ಲಿ ಬರಬೇಕು. 1,299 ರೂಪಾಯಿಗೆ ಶೇ 20 ರಿಯಾಯಿತಿ ಎಂದರೆ ಎಷ್ಟು ಎಂದು ಕೇಳುತ್ತಾರೆ. 1,300 ಎಂದುಕೊಳ್ಳಿ, ರಿಯಾಯಿತಿ 260, ಉಳಿಯಿತು 1,040, ಅದರಲ್ಲಿ ಎಂಬತ್ತು ಪೈಸೆ ಕಡಿಮೆ. ಎಂಆರ್‌ಪಿ ಎಂದರೆ ಎಲ್ಲ ತೆರಿಗೆ ಸೇರಿದ ಬೆಲೆ, ಅದರ ಮೇಲೆ ಮತ್ತೆ ಜಿಎಸ್‌ಟಿ ಹಾಕುವಂತಿಲ್ಲ ಎಂಬುದೂ ಗೊತ್ತಿರಲಿ. ಬಟ್ಟೆ ಇಸ್ತ್ರಿ, ಉಗುರು, ಚಪ್ಪಲಿ ಇವನ್ನೆಲ್ಲ ಅವ್ವಂದಿರೇ ನೋಡಿಕೊಳ್ಳುತ್ತಾರೆ, ನಾನು ಹೇಳಬೇಕಿಲ್ಲ. ಹಿಂದಿನ ದಿನ ಒಮ್ಮೆ ಆ ಮಳಿಗೆಗೆ ಗಿರಾಕಿಯ ಹಾಗೆ ಹೋಗಿ ಬನ್ನಿ. ಯಾವ ಮಹಡಿಯಲ್ಲಿ ಏನಿದೆ, ಕೆಲಸದವರು ಕೂರುತ್ತಾರೋ ಇಲ್ಲವೋ, ನೋಡಿಕೊಳ್ಳಿ.

ಕೂರುವ ಮಾತು ಬಂತಲ್ಲ. ಈ ಹೆದ್ದಾರಿಯ ಆ ತುದಿಯಲ್ಲಿ, ಕೋಳಿಕ್ಕೋಡಿನ ಮಿಠಾಯಿ ತೆರುವಿನಲ್ಲಿ, ಜವಳಿ ಅಂಗಡಿಯ ಹೆಣ್ಣುಮಕ್ಕಳು ಮೊದಲು ಶೌಚಾಲಯಕ್ಕೆ, ಆಮೇಲೆ ಕೂರುವ ಹಕ್ಕಿಗೆ ಹೋರಾಡಿದರು. ಪಿ. ವಿಜಿ ಎಂಬಾಕೆ ಮುಂದೆ ನಿಂತರು, 'ಪೆಣ್‌ಕೂಟ್ಟ್' ಎಂಬ ಸಂಘಟನೆ ಬೆಳೆಯಿತು. ಕೇರಳ 2018ರಲ್ಲಿ ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದು ಕೆಲಸದವರಿಗೆ ಕೂರಲು ಆಸನ ಕೊಡಲೇಬೇಕು ಎಂದಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಅಂದರೆ ನನ್ನ ತವರಿನ ಕಡೆಯ ಹುಡುಗಿಗೆ ಸತ್ಯಮಂಗಲದ ಅಂಗಡಿಯಲ್ಲಿ ಸಿಗಬೇಕಾದ ಸ್ಟೂಲು ಕಾಯ್ದೆಯದು. ನಮ್ಮ ಕಡೆಯ ಹಲವು ಅಂಗಡಿಗಳಲ್ಲಿ ಅದು ಇನ್ನೂ ಮಾಲೀಕನ ದಯೆ ಎಂಬಂತೆ ನಡೆಯುತ್ತಿದೆ. 'ದಿನವೆಲ್ಲ ನಿಂತಿರಬೇಕು, ಆಗುತ್ತಾ?' ಎಂದು ಕೇಳಿದರೆ 'ಗಿರಾಕಿ ಇದ್ದಾಗ ನಿಲ್ತೀನಿ ಸರ್, ಇಲ್ಲದಾಗ ಕೂರೋಕೆ ಜಾಗ ಇದೆಯಾ?' ಎಂದು ನಗುತ್ತಲೇ ಕೇಳಿ. ಅದಕ್ಕೆ ಮುಖ ಗಂಟಿಕ್ಕಿದ ಕಡೆ ಕೆಲಸ ಸಿಕ್ಕಿದರೂ ನೆಮ್ಮದಿ ಸಿಗುವುದಿಲ್ಲ.

ಗಡಿಯ ತೊಡಕು ಬಸ್ಸಿನಲ್ಲೂ ಇದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಂಜನಗೂಡು, ನರಸೀಪುರದ ಹೆಣ್ಣುಮಕ್ಕಳು ಮೈಸೂರಿನ ಕೆಲಸಕ್ಕೆ ದಿನಾ ಪುಕ್ಕಟೆ ಓಡಾಡುತ್ತಾರೆ. ಸಣ್ಣ ಸಂಬಳದಲ್ಲಿ ಬಸ್ ಚಾರ್ಜು ಉಳಿದರೆ ಅದೇ ಒಂದು ಇನ್‌ಕ್ರಿಮೆಂಟು. ತಾಳವಾಡಿಯ ಹುಡುಗಿಯ ಆಧಾರ್ ತಮಿಳುನಾಡಿನದು. ಮನೆಯಲ್ಲಿ ಕನ್ನಡ ಆಡಿದರೂ ನಮ್ಮ ಬಸ್ಸಿನಲ್ಲಿ ಅವಳು ಟಿಕೆಟ್ ತೆಗೆಯಬೇಕು. ತಮಿಳು ಶಾಲೆಯಲ್ಲಿ ಓದಿದವಳಾದರೆ ಕನ್ನಡದ ಅರ್ಜಿ ತುಂಬಲು ಇನ್ನೊಬ್ಬರ ಕೈ ಕಾಯಬೇಕು. ಬಾಯಲ್ಲಿ ಮಾತ್ರ ನಮ್ಮೆಲ್ಲರಿಗಿಂತ ಚೆನ್ನಾಗಿ ಎರಡೂ ಭಾಷೆಯಲ್ಲಿ ಮಾರಿಬಿಡುತ್ತಾಳೆ. ಮಳಿಗೆಯವರು ಅರ್ಜಿ ನೋಡಿ ಆರಿಸಿದರೆ ಇಂಥವಳನ್ನು ಕಳೆದುಕೊಳ್ಳುತ್ತಾರೆ.

ಇಂಟರ್‌ವ್ಯೂನಲ್ಲಿ 'ಮದುವೆ ಯಾವಾಗ?' ಎಂದು ಹುಡುಗಿಯರನ್ನು ಕೇಳುವ ಚಾಳಿ ಇನ್ನೂ ಹೋಗಿಲ್ಲ. ಹುಡುಗರನ್ನು ಯಾರೂ ಕೇಳುವುದಿಲ್ಲ. ಸಿಡುಕದೆ, ಎಷ್ಟು ದಿನ ಕೆಲಸ ಮಾಡಬೇಕೆಂದಿದ್ದೀರಿ ಎಂಬುದನ್ನಷ್ಟೇ ಹೇಳಿ ಮುಂದಿನ ಪ್ರಶ್ನೆಗೆ ಹೋಗಿ.

ಕೊನೆಯಲ್ಲಿ 'ನಿಮಗೇನಾದರೂ ಕೇಳುವುದಿದೆಯಾ' ಎಂದಾಗ 'ಇಲ್ಲ ಸರ್' ಎಂದು ಎದ್ದು ಬರಬೇಡಿ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಮಾಮೂಲಿ ದುಡಿಮೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ. ವಾರದ ರಜೆ ಯಾವ ದಿನ, ದಸರಾ ದೀಪಾವಳಿಯಲ್ಲಿ ಹೆಚ್ಚು ಹೊತ್ತು ನಿಂತರೆ ಏನು ಕೊಡುತ್ತಾರೆ, ಕಡೇ ಬಸ್ಸು ತಪ್ಪಿದರೆ ಮನೆಗೆ ಬಿಡುವವರು ಯಾರು, ಇವನ್ನು ಅಲ್ಲೇ ಕೇಳಿ. ಸಂಬಳ ಎಷ್ಟು ಎನ್ನುವುದಕ್ಕಿಂತ ಕೈಗೆ ಎಷ್ಟು ಎಂದು ಕೇಳಿ. ಅವರು ತಿಂಗಳಿಗೆ 14,000 ಎಂದು ಹೇಳಿ, ಪೂರ್ತಿ ಮೊತ್ತಕ್ಕೆ ಪಿಎಫ್ ಹಿಡಿದರೆ ನಿಮ್ಮ ಪಾಲು ಶೇ 12, ಅಂದರೆ 1,680 ಹೋಗುತ್ತದೆ. ಇಎಸ್‌ಐಗೆ ಶೇ 0.75, ಅಂದರೆ 105. ಕೈಗೆ ಬರುವುದು 12,215. ಇದು ಮೋಸವಲ್ಲ. ಪಿಎಫ್‌ಗೆ ಮಾಲೀಕನೂ ಅಷ್ಟೇ ಹಾಕಬೇಕು, ಇಎಸ್‌ಐಗೆ ಶೇ 3.25 ಕಟ್ಟಬೇಕು, ಅವ್ವ ಅಪ್ಪ ನಿಮ್ಮ ಆಸರೆಯಲ್ಲಿದ್ದರೆ ಅವರಿಗೂ ಇಎಸ್‌ಐ ಚಿಕಿತ್ಸೆ ಸಿಗುತ್ತದೆ. ಹಿಡಿದುಕೊಂಡು ಕಟ್ಟದಿರುವುದು ಮೋಸ. ಅದಕ್ಕೇ ಪಿಎಫ್ ನಂಬರು, ಇಎಸ್‌ಐ ನಂಬರು ಯಾವಾಗ ಕೊಡುತ್ತೀರಿ ಎಂದು ಕೇಳುವುದರಲ್ಲಿ ನಾಚಿಕೆ ಏನಿಲ್ಲ.

ಕೆಲಸ ಆಯಿತು ಎಂದರೆ ನೇಮಕ ಪತ್ರವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಕೆಲವು ಕಡೆ 'ಓಡಿಹೋಗಬಾರದಲ್ಲ' ಎಂದು ಎಸ್‌ಎಸ್‌ಎಲ್‌ಸಿ ಮೂಲ ಅಂಕಪಟ್ಟಿಯನ್ನು ಬೀರುವಿನಲ್ಲಿ ಇಟ್ಟುಕೊಳ್ಳುತ್ತಾರೆ, ಕೆಲಸ ಬಿಟ್ಟಾಗ ಅದಕ್ಕಾಗಿ ತಿಂಗಳುಗಟ್ಟಲೆ ಅಲೆಸುತ್ತಾರೆ. ಮೂಲವನ್ನು ತೋರಿಸಿ ವಾಪಸು ತನ್ನಿ, ಕೊಡುವುದು ಜೆರಾಕ್ಸು ಮಾತ್ರ.