ಆನೆ ಹೆಜ್ಜೆಯ ಜೇಬು

ಸೀರೆ ಅಂಗಡಿಗಳಲ್ಲಿ ಗಂಡಂದಿರಿಗೆಂದೇ ಒಂದು ಕುರ್ಚಿ ಇರುತ್ತದೆ. ಬಾಗಿಲಿಗೆ ಹತ್ತಿರ, ಫ್ಯಾನಿಗೆ ದೂರ. ಮೂವತ್ತು ವರ್ಷಗಳ ದಾಂಪತ್ಯದಲ್ಲಿ ಇಂಥ ಎಷ್ಟು ಕುರ್ಚಿಗಳನ್ನು ಸವೆಸಿದ್ದೇನೋ ಲೆಕ್ಕವಿಲ್ಲ. ಅಲ್ಲಿ ನನಗೆ ಎರಡೇ ಕೆಲಸ. ಒಂದು, ಚೀಲ ಹಿಡಿದುಕೊಳ್ಳುವುದು. ಇನ್ನೊಂದು, ಹೆಂಡತಿ ಎರಡು ಸೀರೆ ಎತ್ತಿ ತೋರಿಸಿದಾಗ ಯಾವುದಾದರೊಂದರ ಕಡೆ ಬೆರಳು ಮಾಡುವುದು. ಆಕೆ ತಕ್ಷಣ ಇನ್ನೊಂದನ್ನು ಕಟ್ಟಿಸುತ್ತಾಳೆ. ನನ್ನಿಂದ ಇಷ್ಟಾದರೂ ಉಪಕಾರವಾಯಿತಲ್ಲ ಎಂದು ನಾನು ಮತ್ತೆ ಕೂರುತ್ತೇನೆ.

ಬಣ್ಣಗಳ ಮಟ್ಟಿಗೆ ನನ್ನದು ಬಡ ಸಂಸಾರ. ಕೆಂಪು, ಹಸಿರು, ನೀಲಿ, ಹಳದಿ ಮತ್ತು ‘ಅದೇ, ಇನ್ನೊಂದು’. ಎಂ.ಎಸ್. ನೀಲಿ ಎಂಬುದೊಂದಿದೆ, ಸುಬ್ಬುಲಕ್ಷ್ಮಿಯವರು ಉಡುತ್ತಿದ್ದ ಕಂಚಿ ಸೀರೆಯಿಂದ ಆ ಹೆಸರು ಬಂತು ಎಂದು ತಿಳಿದಾಗ ನನಗೆ ಐವತ್ತು ದಾಟಿತ್ತು. ರಸ್ತೆ, ಸೇತುವೆ ಎಂದು ಅಲೆದ ಎಂಜಿನಿಯರನಿಗೆ ಎಂ.ಎಸ್. ಎಂದರೆ ಮೈಲ್ಡ್ ಸ್ಟೀಲ್.

ಹೋದ ವರ್ಷ ಮಗಳು ನನ್ನನ್ನು ಬಸವನಗುಡಿಯ ಒಂದು ಹಳೆಯ ಮನೆಗೆ ಕರೆದೊಯ್ದಳು. ಅದನ್ನು ಅಂಗಡಿ ಎನ್ನಬಾರದಂತೆ, ಸ್ಟುಡಿಯೋ ಎನ್ನಬೇಕಂತೆ. ನಾನು ಸ್ಟುಡಿಯೋ ಎಂದು ಕಂಡದ್ದು ತಲೆ ಬಾಚಿಕೊಂಡು ಉಸಿರು ಬಿಗಿಹಿಡಿದು ಕೂರುವ ಜಾಗವನ್ನು. ಇಲ್ಲಿ ಗಂಡಸರ ಕುರ್ಚಿಯೂ ಇರಲಿಲ್ಲ. ನಡುಮನೆಯಲ್ಲಿ ಉದ್ದಕ್ಕೆ ಒಂದು ಸರಳು, ಅದರ ಮೇಲೆ ಹನ್ನೆರಡೇ ಹನ್ನೆರಡು ಉಡುಪು, ಒಂದಕ್ಕೊಂದು ತಾಕದಂತೆ. ನಮ್ಮೂರ ಪೇಟೆಯಲ್ಲಿ ಇಷ್ಟು ಕಡಿಮೆ ಮಾಲು ಇಟ್ಟವನು ದೀಪಾವಳಿಯೊಳಗೆ ಬಾಗಿಲು ಹಾಕುತ್ತಿದ್ದ.

ಒಂದು ಕುರ್ತಾದ ಚೀಟಿ ತಿರುಗಿಸಿ ನೋಡಿದೆ. ಬೆಲೆ ಓದಿ, ಕನ್ನಡಕ ಒರೆಸಿ, ಮತ್ತೆ ಓದಿದೆ. ಎಳೆಯಲ್ಲಿ ಕಾಣುವ ಏರುಪೇರು ದೋಷವಲ್ಲ, ನೇಕಾರನ ಕೈಗುರುತು ಎಂದು ಕೆಳಗೆ ಬರೆದಿತ್ತು. ನನಗೆ ಅವ್ವ ನೆನಪಾದಳು. ಬಾಗಲಕೋಟೆಯ ಅಂಗಡಿಯಲ್ಲಿ ಅವಳು ಸೀರೆಯನ್ನು ಬೆಳಕಿಗೆ ಹಿಡಿದು, ಆ ಕೈಗುರುತನ್ನೇ ಹುಡುಕಿ, ಅದರ ಮೇಲೆ ಬೆರಳಿಟ್ಟು, “ಇಲ್ಲಿ ಎಳಿ ದಪ್ಪ ಆಗೇದ, ಎರಡ ರೂಪಾಯಿ ಬಿಡ್ರಿ” ಎನ್ನುತ್ತಿದ್ದಳು. ಅದೇ ದಪ್ಪ ಎಳೆಗೆ ಈಗ ನಾವು ಮೇಲೆ ದುಡ್ಡು ಕೊಡುತ್ತೇವೆ. ನೇಕಾರನಿಗೆ ಅದರಲ್ಲಿ ನಾಲ್ಕು ಕಾಸು ಹೆಚ್ಚು ಮುಟ್ಟುವುದಾದರೆ ನನ್ನ ತಕರಾರಿಲ್ಲ. ಅವ್ವ ಮಾತ್ರ ಒಪ್ಪುತ್ತಿರಲಿಲ್ಲ.

ಸರಳಿನ ಕೊನೆಯಲ್ಲಿ ಒಂದು ಕಪ್ಪು ಕೋಟು. ಅದರ ಬೆನ್ನಿಗೆ ಕುಂಕುಮದ ಬಣ್ಣದ ಬಟ್ಟೆ. ಕಪ್ಪು ಸರಿ, ಕುಂಕುಮವೂ ಸರಿ, ಆದರೆ ಅದರೊಳಗಿನ ಬುಟ್ಟಾಗಳು ನನ್ನನ್ನು ಗುರುತಿಸಿದಂತಾಯಿತು. ಗುಳೇದಗುಡ್ಡದ ಖಣ! ತೇರು, ಆನೆ ಹೆಜ್ಜೆ ಎಂದು ಅದರ ನಮೂನೆಗಳ ಹೆಸರು ನನ್ನ ಬಾಯಿಗೆ ತಾವಾಗಿ ಬಂದವು. ಮಗಳು ಬೆರಗಾಗಿ ನೋಡಿದಳು. ನನಗೂ ಬೆರಗೇ. ನಾಲ್ಕು ಬಣ್ಣದ ಬಡವನಲ್ಲಿ ಈ ಗಂಟು ಎಲ್ಲಿತ್ತು?

ನಮ್ಮ ಕಡೆ ರವಿಕೆಯ ಈ ಖಣವಿಲ್ಲದೆ ಹೆಣ್ಣಿನ ಯಾವ ಕಾರ್ಯವೂ ನಡೆಯುವುದಿಲ್ಲ. ಬಸುರಿಯ ಸೀಮಂತಕ್ಕೆ ಹೆಸರೇ ಕುಬಸ, ಅಂದರೆ ರವಿಕೆ. ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಬೇರು, ಎಲೆ ಅಡಿಕೆ, ಅದರ ಜೊತೆಗೊಂದು ಖಣ. ಹಾಗೆ ಬಂದದ್ದನ್ನೆಲ್ಲ ಹೊಲಿಸಿಕೊಳ್ಳುವವರು ಕಡಿಮೆ. ಅವು ಟ್ರಂಕಿನಲ್ಲಿ ನಾಲ್ಕು ದಿನ ವಿಶ್ರಾಂತಿ ಪಡೆದು ಮುಂದಿನ ಮನೆಗೆ ಹೊರಡುತ್ತವೆ. ತೊಟ್ಟಿಲಿಗೆ ಬಂದದ್ದು ಮದುವೆಗೆ, ಮದುವೆಯದು ಮಾನವಮಿಗೆ. ನಮ್ಮ ಸರ್ಕಾರಿ ಕಡತಗಳೂ ಇಷ್ಟು ಊರು ತಿರುಗಲಿಲ್ಲ. ಒಮ್ಮೆ ಅವ್ವ ಒಂದು ಖಣದ ಮೂಲೆಗೆ ಅರಿಶಿನದ ಬೊಟ್ಟಿಟ್ಟು ಓರಗಿತ್ತಿಗೆ ಕೊಟ್ಟಳು. ಹನ್ನೊಂದು ತಿಂಗಳ ಮೇಲೆ ಬಾದಾಮಿಯ ಬೀಗರ ಮನೆಯ ಉಡಿಯಲ್ಲಿ ಅದೇ ಬೊಟ್ಟು ವಾಪಸು ಬಂತು. ಅವ್ವ ಅದನ್ನು ತೊಡೆಯ ಮೇಲೆ ಹಾಸಿ ಸವರಿ, “ಕೂಸು ತವರಿಗೆ ಬಂದಂಗಾತು ನೋಡು” ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಡಿಸೈನರ್ ಎಂದರೆ ಬಿದಿರು ಬುಟ್ಟಿಯನ್ನು ಹುಡುಗಿಯ ತಲೆಗೆ ಕಟ್ಟಿ ವೇದಿಕೆಯ ಮೇಲೆ ನಡೆಸುವವರು ಎಂದು ತಿಳಿದಿದ್ದ ನನಗೆ, ಆಮೇಲಿನ ಕೆಲವು ತಿಂಗಳು ಮಗಳಿಂದ ಟ್ಯೂಷನ್ ನಡೆಯಿತು. ಬೆಂಗಳೂರಿನಲ್ಲಿ 1974ರಲ್ಲಿ ತಾಯಿ ಚಿಮ್ಮಿ ನಂಜಪ್ಪ ಮತ್ತು ಮಗಳು ಪವಿತ್ರಾ ಮುದ್ದಯ್ಯ ಸೇರಿ ವಿಮೋರ್ ಎಂಬ ಸಂಸ್ಥೆ ಆರಂಭಿಸಿದ್ದನ್ನು ಹೇಳಿದಳು. ಹಳೆಯ ಸೀರೆಗಳನ್ನು ಓದಿ ಅವುಗಳ ವಿನ್ಯಾಸವನ್ನು ಮತ್ತೆ ನೇಕಾರರ ಕೈಗೆ ಕೊಟ್ಟವರು ಅವರು. ಗಜೇಂದ್ರಗಡದ ಕಡೆ ನಿಂತೇಹೋಗಿದ್ದ ಚೌಕಳಿ ಒಡಲಿನ ಪಟ್ಟೇದ ಅಂಚು ಸೀರೆಯನ್ನು ಹೇಮಲತಾ ಜೈನ್ ಮರಳಿ ಮಗ್ಗಕ್ಕೆ ತಂದರಂತೆ. ಹೆಗ್ಗೋಡಿನ ಬಳಿ ಪ್ರಸನ್ನ ಅವರು ಹಳ್ಳಿಯ ಹೆಂಗಸರನ್ನು ಕೂಡಿಸಿ ಕಟ್ಟಿದ ‘ಚರಕ’ ಸಂಘದಲ್ಲಿ ಅಡಿಕೆ ಬೇಯಿಸಿದ ಚೊಗರಿನಿಂದ ನೂಲಿಗೆ ಬಣ್ಣ ಹಾಕುತ್ತಾರೆ. ಅಡಿಕೆ ಚೊಗರು ಅಂಗಿಗೆ ತಾಗಿದರೆ ಬೈಗುಳ ತಿನ್ನಬೇಕು ಎಂದಷ್ಟೇ ನನಗೆ ಗೊತ್ತಿತ್ತು.

ಆದರೆ ನನ್ನ ನಿದ್ದೆ ಕೆಡಿಸಿದ್ದು ಇಳಕಲ್ ಸೀರೆಯ ಕೊಂಡಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿ, ಸೆರಗಿಗೆ ಕೆಂಪು ರೇಷ್ಮೆ. ನೇಯುವ ಮೊದಲೇ ಎರಡರ ಎಳೆಗಳನ್ನು ಒಂದರೊಳಗೊಂದು ಕೊಂಡಿ ಹಾಕಿ ಕೂಡಿಸುತ್ತಾರೆ. ಎಳೆ ಎಳೆಗೂ ಒಂದು ಕೊಂಡಿ! ನಾನು ಸೇತುವೆಗಳಿಗೆ ಕೂಡಿಸಿದ ಜಾಯಿಂಟುಗಳು ಮಳೆಗಾಲಕ್ಕೊಮ್ಮೆ ಬಾಯಿ ತೆರೆದು ನನ್ನನ್ನು ನೋಡಿ ನಗುತ್ತಿದ್ದವು. ಅವ್ವನ ಸೀರೆಯ ಒಡಲು ಜಾಳಾಗಿ ಕೌದಿಗೆ ಸೇರಿದಾಗಲೂ ಆ ಕೊಂಡಿ ಬಿಟ್ಟಿರಲಿಲ್ಲ. ಆ ಕೌದಿಯನ್ನೇ ಹೊದ್ದುಕೊಂಡು ನಾನು ಎಂಜಿನಿಯರಿಂಗ್ ಪರೀಕ್ಷೆಗೆ ಓದಿದ್ದು.

ಸ್ಟುಡಿಯೋದಲ್ಲಿ ಇನ್ನೊಂದು ಸಂಗತಿ ಕಂಡೆ. ಯಾವ ಹುಡುಗಿ ಯಾವ ಉಡುಪು ತೊಟ್ಟು ಕನ್ನಡಿಯ ಮುಂದೆ ನಿಂತರೂ ಮೊದಲು ಕೈ ಸೊಂಟದ ಪಕ್ಕಕ್ಕೆ ಹೋಗುತ್ತದೆ. ಕೈ ಒಳಗೆ ಇಳಿದರೆ, “ಜೇಬಿದೆ!” ಎಂದು ಕೂಗು. ಗಂಡುಮಗು ಹುಟ್ಟಿದರೂ ಈಚೆಗೆ ಅಷ್ಟು ಸಂಭ್ರಮ ಇರುವುದಿಲ್ಲ. ನನಗೆ ಅಂಗಿಯಲ್ಲಿ ಒಂದು, ಪ್ಯಾಂಟಿನಲ್ಲಿ ನಾಲ್ಕು ಜೇಬುಗಳಿವೆ. ಐದರಲ್ಲೂ ಇರುವುದು ಹೆಂಡತಿಯ ಸಾಮಾನು. ಅವ್ವನಿಗಿದ್ದದ್ದು ಸೊಂಟದ ಚಂಚಿ ಮತ್ತು ಸೆರಗಿನ ಗಂಟು. ಬಸ್ಸಿನ ಚಿಲ್ಲರೆ, ಗುಡಿಯ ಕಾಣಿಕೆ, ನನ್ನ ಪೆಪ್ಪರಮಿಂಟು ಎಲ್ಲಕ್ಕೂ ಅದೇ ಗಂಟು. ಕಂಡಕ್ಟರು ಎದುರಿಗೆ ನಿಂತಾಗ ಅವಳು ಅದನ್ನು ಹಲ್ಲಿನಿಂದ ಬಿಚ್ಚುತ್ತಿದ್ದಳು. ಕಾಲೇಜಿಗೆ ಹೋಗುತ್ತಿದ್ದ ನಾನು ಆಗ ಕಿಟಕಿಯ ಹೊರಗೆ ನೋಡುತ್ತಿದ್ದೆ.

ಅವ್ವ ಹೋದ ಮೇಲೆ ಟ್ರಂಕು ನನ್ನ ಪಾಲಿಗೆ ಬಂದಿತ್ತು. ಅದರ ತಳದಲ್ಲಿ, ನುಸಿಗುಳಿಗೆಗಳ ನಡುವೆ, ಪೇಪರಿನಲ್ಲಿ ಸುತ್ತಿದ ಒಂದು ಖಣ. ಆನೆ ಹೆಜ್ಜೆಯದು. ಮೂಲೆಯಲ್ಲಿ ಮಾಸಿದ ಅರಿಶಿನದ ಬೊಟ್ಟು. ತವರಿಗೆ ಬಂದ ಕೂಸನ್ನು ಅವಳು ಮತ್ತೆ ಕಳಿಸಿರಲಿಲ್ಲ, ಹೊಲಿಸಿಯೂ ಇರಲಿಲ್ಲ. ಕೇಳಿದಾಗಲೆಲ್ಲ, “ಚಲೋ ಸಿಂಪಿಗ್ಯಾ ಸಿಗಲಿ ತಡಿ” ಎನ್ನುತ್ತಿದ್ದಳು. ಊರಿನಲ್ಲಿ ಮೂವರು ಸಿಂಪಿಗರಿದ್ದರು. ಮೂವರೂ ಒಳ್ಳೆಯವರೇ.

ಅದನ್ನು ಒಯ್ದು ಸ್ಟುಡಿಯೋದ ಹುಡುಗಿಯ ಮುಂದೆ ಹರಡಿದೆವು. ಅವಳು ಬಟ್ಟೆಯನ್ನು ಮುಟ್ಟುವ ಮೊದಲು ಕೈ ಒರೆಸಿಕೊಂಡಳು. ಅಷ್ಟಕ್ಕೇ ನನಗೆ ಅವಳ ಮೇಲೆ ನಂಬಿಕೆ ಬಂತು. ಅಳತೆಯ ಟೇಪು ಹಿಡಿದು ಒಮ್ಮೆ ಖಣವನ್ನೂ ಒಮ್ಮೆ ಬಾಸ್ಕೆಟ್‌ಬಾಲ್ ಆಡಿ ಬೆಳೆದ ನನ್ನ ಮಗಳನ್ನೂ ನೋಡಿ, “ಅಂಕಲ್, ಇದರಲ್ಲಿ ಇವರಿಗೆ ಬ್ಲೌಸ್ ಆಗೋದಿಲ್ಲ” ಎಂದಳು. ಅವ್ವ ನನ್ನ ಎದೆಮಟ್ಟಕ್ಕೆ ಬರುತ್ತಿದ್ದಳು. ಅವಳು ಅಷ್ಟು ಚಿಕ್ಕವಳಿದ್ದಳೆಂದು ನನಗೆ ಆ ಟೇಪು ನೋಡುವವರೆಗೆ ಹೊಳೆದಿರಲಿಲ್ಲ.

ಕೊನೆಗೆ ತೀರ್ಮಾನವಾದದ್ದು ಜೇಬು. ಚೊಗರು ಬಣ್ಣದ ಕೈಮಗ್ಗದ ಕೋಟಿಗೆ ಹೊರಗಡೆ ಕಾಣುವಂತೆ ಎರಡು ಜೇಬು, ಬಲಗಡೆಯದರ ಅಂಚಿನಲ್ಲಿ ಆ ಬೊಟ್ಟು ಉಳಿಯುವ ಹಾಗೆ.

ಮೊನ್ನೆ ಬಂಧುಗಳ ಮದುವೆಗೆ ಮಗಳು ಅದನ್ನು ತೊಟ್ಟು ಬಂದಳು. ಊಟದ ಪಂಕ್ತಿಗೆ ಹೊರಟಾಗ ನನ್ನ ಬಳಿ ಬಂದು ಫೋನು, ಗಾಡಿಯ ಕೀ, ತುಟಿಗೆ ಹಚ್ಚುವ ಅದೊಂದು ಕಡ್ಡಿ, ಎಲ್ಲವನ್ನೂ ನನ್ನ ಕೈಗಿಟ್ಟಳು.

“ಅಲ್ಲಮ್ಮ, ನಿನಗೇ ಎರಡು ಜೇಬಿದೆಯಲ್ಲ?” ಎಂದೆ.

“ಅದರಲ್ಲಿ ಏನೂ ಹಾಕಲ್ಲಪ್ಪ, ಬಟ್ಟೆ ಜಗ್ಗುತ್ತೆ” ಎಂದು ಹೇಳಿ, ಖಾಲಿ ಜೇಬನ್ನು ಒಮ್ಮೆ ಅಂಗೈಯಿಂದ ಸವರಿಕೊಂಡು ಹೋದಳು.