ಮಾತಾಡುವ ಮೊದಲೇ ಕಳ್ಳಿ

ಸಂಶಯ ಹುಟ್ಟಿಸುವ ಕಲೆಯನ್ನು ನಾನು ಕಲಿತದ್ದು ಹಳೆಯ ಪತ್ತೇದಾರಿ ಸಿನಿಮಾಗಳಿಂದ. 1968ರ ‘ಜೇಡರ ಬಲೆ’ ಅಂದರೆ ನನಗೆ ಪ್ರಾಣ. ದೊರೈ–ಭಗವಾನ್ ನಿರ್ದೇಶನ, ಸಿಐಡಿ 999 ಆಗಿ ರಾಜ್‌ಕುಮಾರ್, ಜೊತೆಗೆ ನಮ್ಮ ಬಳ್ಳಾರಿಯಲ್ಲೇ ಹುಟ್ಟಿದ ಜಯಂತಿ. ಹಿಂದಿಯವನ್ನೂ ಬಿಟ್ಟವನಲ್ಲ.

ಹಡಗಲಿ ಕಡೆಯ ಒಂದೂರಿನ ಹುಡುಗರು ಜಾತ್ರೆಗೆ ನಾಟಕ ಬರೆದುಕೊಡಿ ಎಂದಾಗ ಕಲಿತದ್ದನ್ನೆಲ್ಲ ಸುರಿದೆ. ದೇವರ ಒಡವೆ ಕಳುವಾಗುತ್ತದೆ. ಕದ್ದವನು ದೇವಸ್ಥಾನದ ಲೆಕ್ಕ ಬರೆಯುವವನು. ಅದು ಕೊನೆಯವರೆಗೂ ಗೊತ್ತಾಗಬಾರದೆಂದು ನಡುವೆ ಒಬ್ಬ ಲಂಬಾಣಿ ಹೆಂಗಸನ್ನು ತಂದೆ. ಹಗರಿಬೊಮ್ಮನಹಳ್ಳಿಯಿಂದ ಫೇಟ್ಯಾ ಲಂಗ, ಕಾಂಚಳಿ ರವಿಕೆ ಬಾಡಿಗೆಗೆ ಬಂದವು. ಆ ಪಾತ್ರ ರಂಗದ ಮೇಲೆ ಕಾಲಿಟ್ಟದ್ದೇ ತಡ, ಒಂದು ಮಾತೂ ಆಡುವ ಮೊದಲೇ, ಜನ “ಇಕಿನ, ಇಕಿನ ಕದ್ದಾಕಿ!” ಎಂದು ಕೂಗಿದರು. ಪರದೆಯ ಹಿಂದೆ ನಾನು ಹಿಗ್ಗಿಹೋದೆ.

ಮರುದಿನ ಹರಪನಹಳ್ಳಿ ಬಸ್ಸಿಗೆ ನಿಂತಿದ್ದಾಗ ತಾಂಡಾದ ಹಿರಿಯ ಹೆಣ್ಣುಮಗಳೊಬ್ಬರು ಹತ್ತಿರ ಬಂದರು. ಅವರ ಕಾಂಚಳಿಯ ಕನ್ನಡಿಗಳನ್ನು ಒಂದೊಂದಾಗಿ ಕೈಯಲ್ಲೇ ಹೊಲಿದಿದ್ದರು. ನಾವು ತಂದದ್ದರಲ್ಲಿ ಪ್ಲಾಸ್ಟಿಕ್ ಚೂರು ಅಂಟಿಸಿದ್ದರು.

“ನಾಟಕ ಬರದಾರು ನೀವೇನ್ರಿ ಸರ?”

ಅವರ ಮುಖ ನೋಡಿ ನಾನೇ ಅವಸರದಿಂದ ಹೇಳಿದೆ: “ಆಕಿ ಕದ್ದಿಲ್ಲಂತ ಕಡೀಗೆ ತೋರ್ಸೀವಲ್ಲ ಯಮ್ಮಾ.”

“ಕಡೀಗೆ ತೋರ್ಸಿದ್ರಿ. ಅಲ್ಲಿತನಕ ನನ್ನ ಮಗ್ಗಲದಾಗ ಕುಂತೋರೆಲ್ಲ ನನ್ನ ಬಟ್ಟಿ ನೋಡಿ ನಗತಿದ್ರು.”

ಬಸ್ಸು ಬಂತು. ಉತ್ತರ ಹೊಳೆಯಲಿಲ್ಲ.

ನೆಚ್ಚಿನ ಸಿನಿಮಾಗಳನ್ನು ಮತ್ತೆ ಹಾಕಿಕೊಂಡು ನೋಡಿದೆ. 1958ರ ‘ಹೌರಾ ಬ್ರಿಡ್ಜ್’ನಲ್ಲಿ ಚೀನೀ ಖಳ ಚಾಂಗ್ ಆಗಿರುವವರು ಮದನ್ ಪುರಿ. 1966ರ ‘ತೀಸ್ರಿ ಮಂಜಿಲ್’ನಲ್ಲಿ ಹೋಟೆಲಿನ ನರ್ತಕಿಯ ಹೆಸರು ರೂಬಿ. ಯುದ್ಧಕಾಲದಲ್ಲಿ ಬರ್ಮಾದಿಂದ ನಿರಾಶ್ರಿತೆಯಾಗಿ ಬಂದ ಹೆಲೆನ್ ಆ ಪಾತ್ರಕ್ಕೆ ಜೀವ ತುಂಬಿದ್ದಾರೆ. ಹೆಸರು, ಉಡುಪು, ಕುಣಿತ ಮೂರೂ ಸೇರಿ ಅವಳ ಮೇಲೆ ನಮ್ಮ ಕಣ್ಣು ಹೊರಳಿಸುತ್ತವೆ. ನಾಯಕನನ್ನು ಪ್ರೀತಿಸಿದ ಅವಳು ಅವನಿಗೆ ಬೀಳಬೇಕಿದ್ದ ಗುಂಡಿಗೆ ತಾನೇ ಬಲಿಯಾಗುತ್ತಾಳೆ. ಎಷ್ಟೋ ಸಲ ನೋಡಿದ್ದ ಆ ಸಾವು ನನಗೆ ಸಂಕಟ ತಂದದ್ದು ಈ ಸಲವೇ.

ಸಿನಿಮಾದವರು ಈ ಸಂಶಯವನ್ನು ಹೊಸದಾಗಿ ಹುಟ್ಟಿಸಿದ್ದೇನಲ್ಲ. ಹುಟ್ಟಿನಿಂದಲೇ ಅಪರಾಧಿಗಳೆಂದು ಇಡೀ ಸಮುದಾಯಗಳನ್ನು ಪಟ್ಟಿ ಮಾಡಿದ ಕಾಯ್ದೆ 1871ರಲ್ಲೇ ಬಂದಿತ್ತು. ದೇಶದ ಹಲವೆಡೆ ಬಂಜಾರರು (ನಮ್ಮ ಲಂಬಾಣಿಗಳು), ಕೊರಚ-ಕೊರಮರು ಆ ಪಟ್ಟಿಯಲ್ಲಿದ್ದರು. ಅದು ದೇಶಾದ್ಯಂತ ರದ್ದಾದದ್ದು 1952ರ ಆಗಸ್ಟ್ 31ರಂದು. ಕಾನೂನು ಬಿಟ್ಟುಕೊಟ್ಟ ಆ ಪಟ್ಟಿಯನ್ನು ನಾನು ಜಾತ್ರೆಯ ಜನರ ಮುಂದೆ ಮತ್ತೆ ಓದಿಸಿದ್ದೆ.

ತಿದ್ದಲು ಕೂತಾಗ ಇನ್ನೊಂದು ಬಯಲಾಯಿತು. ಆ ಹೆಂಗಸನ್ನು ತೆಗೆದರೆ ಮೊದಲ ಅಂಕವೇ ನಿಲ್ಲುತ್ತಿರಲಿಲ್ಲ. ಅವಳ ವಿರುದ್ಧ ನಾನು ಒಂದು ಸುಳಿವನ್ನೂ ಬರೆದಿರಲಿಲ್ಲ; ಕೆಲಸವನ್ನೆಲ್ಲ ಬಟ್ಟೆಯೇ ಮಾಡಿತ್ತು. ಪಾತ್ರವನ್ನೇ ಅಳಿಸಿಬಿಡೋಣವೆಂದರೆ, ಊರ ಸುತ್ತ ತಾಂಡಾಗಳಿದ್ದೂ ರಂಗದ ಮೇಲೆ ಅವರಿಲ್ಲದಂತಾಗುತ್ತದೆ. ಅದೂ ಸರಿಯಲ್ಲ.

ಈಗ ಒಡವೆ ಪೆಟ್ಟಿಗೆಯ ಬೀಗದಕೈ ಯಾರ್ಯಾರ ಹತ್ತಿರ ಇತ್ತು, ರಶೀದಿ ಪುಸ್ತಕದ ಯಾವ ಹಾಳೆ ಹರಿದಿದೆ ಎಂಬಲ್ಲಿಂದ ಮೊದಲ ಅಂಕ ಬರೆಯುತ್ತಿದ್ದೇನೆ. ಆ ಹೆಂಗಸು ಅದರಲ್ಲಿದ್ದಾಳೆ. ಅವಳ ಮಾತುಗಳನ್ನು ತಾಂಡಾಕ್ಕೆ ಹೋಗಿ ಓದಿ ತೋರಿಸದೆ ಹುಡುಗರ ಕೈಗೆ ಕೊಡುವುದಿಲ್ಲ.